ಲೆಕ್ಕ ಅಂದ್ರೆ ಮುಖ ತಿರುಗಿಸೋ ಮಕ್ಕಳಿಗೆ ಗಣಿತ ಕಲಿಸೋದು: ಪದೇ ಪದೇ ಕೇಳುವ ಪ್ರಶ್ನೆಗಳು

ಶಾಲೆ ಬಿಟ್ಟವರು, ಶಾಲೆಯೇ ಬಿಡಿಸಿ ಕಳಿಸಿದವರು, ಕಾಯಿಲೆಗೋ ಮನೆ ತಾಪತ್ರಯಕ್ಕೋ ವರ್ಷಗಟ್ಟಲೆ ಕ್ಲಾಸ್ ತಪ್ಪಿದವರು. ಇಂಥ ಮಕ್ಕಳ ಜೊತೆ ಪರ್ಯಾಯ ಶಿಕ್ಷಣದಲ್ಲಿ ಕೆಲಸ ಮಾಡೋರು, ಹೊಸದಾಗಿ ಸೇರಿದ ವಾಲಂಟಿಯರ್‌ಗಳು, ಅಪ್ಪ ಅಮ್ಮಂದಿರು ಕೇಳ್ತಾನೇ ಇರೋ ಪ್ರಶ್ನೆಗಳನ್ನ ಒಂದ್ಕಡೆ ಹಾಕಿದೀನಿ. ಪ್ರಶ್ನೆಗಳು ಅವರ ಮಾತಲ್ಲೇ ಇವೆ, ಉತ್ತರ ನನ್ನದು, ಒಪ್ಪಿಗೆ ಆಗದಿದ್ರೆ ಜಗಳಕ್ಕೆ ಬನ್ನಿ. ಎಲ್ಲಾ ಓದ್ಬೇಕು ಅಂತೇನಿಲ್ಲ, ನಿಮಗೆ ಬೇಕಾದ್ದಕ್ಕೆ ನೇರ ಹೋಗಿ.

## ಈಗಷ್ಟೇ ಶುರು ಮಾಡೋರಿಗೆ

ಪುಸ್ತಕ ತೆಗೀತಿದ್ದಂಗೆ ತಲೆ ಟೇಬಲ್ ಮೇಲಿಟ್ಟು ಮಲಗಿಬಿಡ್ತಾನೆ, ಬರೀ ಸೋಮಾರಿತನ ಅಲ್ವಾ ಇದು?

ಸೋಮಾರಿ ಆಗಿದ್ರೆ ಎಲ್ಲಾದಕ್ಕೂ ಮಲಗ್ಬೇಕಿತ್ತು. ಲೆಕ್ಕಕ್ಕೆ ಮಾತ್ರ ಮಲಗ್ತಾನೆ ಅಂದ್ರೆ ಅಲ್ಲಿ ಏನನ್ನೋ ತಪ್ಪಿಸ್ಕೊಳ್ತಿದಾನೆ. ಅವನ ಜಾಗದಲ್ಲಿ ಕೂತು ಯೋಚನೆ ಮಾಡಿ: ಕೈ ಹಾಕಿ ತಪ್ಪು ಮಾಡಿದ್ರೆ ನಾಲ್ಕು ಜನರ ಮುಂದೆ ದಡ್ಡ, ಕೈನೇ ಹಾಕದೆ ಇದ್ರೆ ಬರೀ ಸೋಮಾರಿ. ಹದಿನಾಲ್ಕು ಹದಿನೈದರ ವಯಸ್ಸಲ್ಲಿ ಯಾರಿಗಾದ್ರೂ ಎರಡನೇದೇ ವಾಸಿ ಅನ್ಸುತ್ತೆ, ಅದು ಅವನ ಲೆಕ್ಕಾಚಾರ, ಮತ್ತೆ ಅದು ತಪ್ಪೂ ಅಲ್ಲ.

ಇದರ ಜೊತೆ ಭಯನೂ ಸೇರ್ಕೊಳ್ಳುತ್ತೆ. ಆಶ್‌ಕ್ರಾಫ್ಟ್ ಮತ್ತು ಕರ್ಕ್ 2001ರಲ್ಲಿ ತೋರಿಸಿದ ಹಾಗೆ ಗಣಿತದ ಆತಂಕ ಇರೋರಿಗೆ ಲೆಕ್ಕ ಮಾಡೋವಾಗ ತಲೇಲಿ ಅಂಕಿ ಹಿಡಿದಿಟ್ಕೊಳ್ಳೋ ಜಾಗನೇ ಕಮ್ಮಿ ಆಗುತ್ತೆ, ಅದರಲ್ಲೂ ದಶಕ ತಗೊಳ್ಳೋದು, ಕೈಲಿ ಇಟ್ಕೊಳ್ಳೋದು ಇರೋ ಲೆಕ್ಕದಲ್ಲಿ. 2012ರಲ್ಲಿ ಲಯನ್ಸ್ ಮತ್ತು ಬೈಲಾಕ್ ಮೆದುಳಿನ ಸ್ಕ್ಯಾನ್ ಮಾಡಿ ನೋಡಿದ್ರೆ, ಅಂಥವರಿಗೆ ಮೈಗೆ ನೋವಾದಾಗ ಎಚ್ಚರ ಆಗೋ ಭಾಗಗಳು ಚುರುಕಾಗಿದ್ದು 'ಈಗ ಲೆಕ್ಕ ಬರುತ್ತೆ' ಅಂತ ಕಾಯೋವಾಗ, ಲೆಕ್ಕ ಮಾಡ್ತಾ ಇರೋವಾಗ ಅಲ್ಲ. ಅಂದ್ರೆ ನಿಮ್ಮ ಹುಡುಗ ಸರಿಯಾದ ಟೈಮಿಗೇ ಮಲಗ್ತಿದಾನೆ! ಹಾಗಾಗಿ 'ಎಲ್ರೂ ಪುಸ್ತಕ ತೆಗೀರಿ' ಅನ್ನೋದನ್ನೇ ಕೈಬಿಡಿ. ಪೀಠಿಕೆ ಇಲ್ಲದೆ ಬೋರ್ಡ್ ಮೇಲೆ ಏನೋ ಒಂದು ಬರೆದು ನೀವೇ ತಲೆ ಕೆಡಿಸ್ಕೊಳ್ತಾ ನಿಂತ್ಕೊಳ್ಳಿ.

ಮೊದಲ ದಿನ ಒಂದು ಟೆಸ್ಟ್ ಕೊಟ್ಟು ಲೆವೆಲ್ ನೋಡ್ಕೊಳ್ಳೋದು ಒಳ್ಳೇದಲ್ವಾ?

ಬೇಡ ಅಂತೀನಿ. ಟೆಸ್ಟಿಂದಲೇ ಓಡಿ ಬಂದವರಿಗೆ ಬಾಗಿಲಲ್ಲೇ ಟೆಸ್ಟ್ ಕೊಟ್ರೆ ಇನ್ನೇನ್ ಆಗುತ್ತೆ, ಖಾಲಿ ಹಾಳೆ ವಾಪಸ್ ಬರುತ್ತೆ, ನಿಮಗೂ ಏನೂ ಗೊತ್ತಾಗಲ್ಲ.

ಅದರ ಬದಲು 6174 ಆಟ ಆಡ್ಸಿ. ಯಾವುದಾದ್ರೂ ನಾಲ್ಕಂಕಿ ಸಂಖ್ಯೆ ತಗೊಳ್ಳೋದು, ನಾಲ್ಕೂ ಒಂದೇ ಅಂಕಿ ಆಗ್ಬಾರ್ದು ಅಷ್ಟೆ. ಅಂಕಿಗಳನ್ನ ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ, ಅದರಿಂದ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದ್ದನ್ನ ಕಳೀಬೇಕು, ಬಂದ ಉತ್ತರಕ್ಕೆ ಮತ್ತೆ ಅದೇ. 3524 ತಗೊಂಡ್ರೆ 5432 − 2345 = 3087, ಆಮೇಲೆ 8730 − 0378 = 8352, ಆಮೇಲೆ 8532 − 2358 = 6174. ಇನ್ನೂ ಮುಂದುವರಿಸಿದ್ರೆ 6174ರಲ್ಲೇ ಸಿಕ್ಕಾಕ್ಕೊಳ್ಳುತ್ತೆ. ಯಾವ ಸಂಖ್ಯೆ ತಗೊಂಡ್ರೂ ಏಳು ಹೆಜ್ಜೆ ಒಳಗೆ ಅಲ್ಲಿಗೇ ಬರುತ್ತೆ. ಇದನ್ನ ಕಂಡುಹಿಡಿದ ಕಾಪ್ರೇಕರ್ ಒಬ್ಬ ಸ್ಕೂಲ್ ಮೇಷ್ಟ್ರು. 'ನನ್ ನಂಬರ್ ಬರಲ್ಲ ನೋಡಿ' ಅಂತ ಒಬ್ಬರಾದ್ರೂ ಹಠಕ್ಕೆ ಬಿದ್ದೇ ಬೀಳ್ತಾರೆ, ಹಠಕ್ಕೆ ಬಿದ್ದವರು ಕಳೀತಾರೆ, ಕಳೆಯೋವಾಗ ಯಾರಿಗೆ ದಶಕ ತಗೊಳ್ಳೋದು ಗೊತ್ತು, ಯಾರಿಗೆ ಸೊನ್ನೆ ಬಂದ್ರೆ ಕೈ ನಿಲ್ಲುತ್ತೆ, ಯಾರು ಬೆರಳಲ್ಲಿ ಎಣಿಸ್ತಾರೆ, ಎಲ್ಲಾ ಕಣ್ಮುಂದೆನೇ ಬರುತ್ತೆ. ಟೆಸ್ಟಲ್ಲಿ ಸಿಗೋದಕ್ಕಿಂತ ಜಾಸ್ತಿ ಸಿಗುತ್ತೆ.

15 ವರ್ಷದವನಿಗೆ ಎರಡನೇ ಕ್ಲಾಸ್ ಲೆಕ್ಕ ಕೊಟ್ರೆ ಅವಮಾನ ಅನ್ಸಲ್ವಾ?

ಎರಡನೇ ಕ್ಲಾಸ್ ವರ್ಕ್‌ಶೀಟ್ ಕೊಟ್ರೆ ಖಂಡಿತ ಅನ್ಸುತ್ತೆ, ಮೊಲ ಚಿಟ್ಟೆ ಚಿತ್ರ ಇದ್ರಂತೂ ಮುಗೀತು. ವಿಷಯ ಚಿಕ್ಕದಿರ್ಲಿ, ಅದರ ವೇಷ ವಯಸ್ಸಿಗೆ ತಕ್ಕಂಗೆ ಇರ್ಲಿ. ಮೇಲಿನ 6174 ಆಟದ ಒಳಗಿರೋದು ಬರೀ ಕಳೆಯೋ ಲೆಕ್ಕ, ಆದ್ರೆ ಅದನ್ನ ಯಾರೂ ಚಿಕ್ಕ ಮಕ್ಕಳದ್ದು ಅನ್ನಲ್ಲ. ಸ್ಥಾನಬೆಲೆ ಹೇಳ್ಕೊಡ್ಬೇಕಾ? ಕಂಪ್ಯೂಟರಿನ ಬೈನರಿ ತೋರ್ಸಿ, 0 ಮತ್ತು 1ರಲ್ಲೇ ಎಲ್ಲ ಸಂಖ್ಯೆ ಬರೆಯೋದು ಕಲಿಯೋವಾಗ ಹತ್ತರ ಸ್ಥಾನ ನೂರರ ಸ್ಥಾನ ಯಾಕಿದೆ ಅನ್ನೋದು ತಾನಾಗೇ ಗೊತ್ತಾಗುತ್ತೆ, ಜೊತೆಗೆ 'ನಾನು ಬೈನರಿ ಕಲೀತಿದೀನಿ' ಅಂತ ಹೊರಗೆ ಹೇಳ್ಕೊಳ್ಬಹುದು.

ಮಗ್ಗಿನೇ ಬರಲ್ಲ, ಬಾಯಿಪಾಠ ಮಾಡಿಸ್ದೆ ಮುಂದೆ ಹೋಗೋದ್ ಹೆಂಗೆ?

ಮಗ್ಗಿ ಬೇಕು, ಬೇಡ ಅನ್ನೋರ ಜೊತೆ ನಾನಿಲ್ಲ. ಆದ್ರೆ ಅದು ಅವರು ಅಂದ್ಕೊಂಡಷ್ಟು ದೊಡ್ಡ ಬೆಟ್ಟ ಅಲ್ಲ ಅಂತ ಮೊದಲು ತೋರ್ಸಿ. 10×10 ಚೌಕ ಬರೆದು ನೂರು ಮನೆ ಮಾಡಿ. ಒಂದು, ಎರಡು, ಐದು, ಹತ್ತರ ಮಗ್ಗಿ ಹೆಚ್ಚುಕಮ್ಮಿ ಎಲ್ರಿಗೂ ಬರುತ್ತೆ, ಅವನ್ನ ಅವರ ಕೈಲೇ ಹೊಡೆದುಹಾಕ್ಸಿ. 3×7 ಗೊತ್ತಿದ್ರೆ 7×3 ಬೇರೆ ಕಲಿಯೋ ಹಾಗಿಲ್ಲ, ಅವನ್ನೂ ಹೊಡೀರಿ. ಉಳಿಯೋದು 21. ಒಂಬತ್ತರದ್ದು ಹತ್ತರಿಂದ ಒಂದ್ಸಲ ಕಳೆದ್ರೆ ಬಂತು, 9×6 ಅಂದ್ರೆ 60ರಲ್ಲಿ 6 ಕಳೆದ್ರೆ 54. ಅದನ್ನೂ ತೆಗೆದ್ರೆ 15 ಮಾತ್ರ. ನೂರು ಅಂತ ಹೆದರಿದ್ದವರಿಗೆ ಹದಿನೈದು ಅಂದಾಗ ಮುಖ ನೋಡ್ಬೇಕು ನೀವು.

ಆ ಹದಿನೈದನ್ನೂ ಮುರಿದು ಜೋಡಿಸೋದು ಕಲಿಸಿ: 7×8 ನೆನಪಾಗ್ಲಿಲ್ಲ ಅಂದ್ರೆ 5×8 = 40, 2×8 = 16, ಸೇರ್ಸಿದ್ರೆ 56. ಬಾಯಿಪಾಠ ಮರೆತ್ರೆ ಕೈ ಖಾಲಿ, ಇದು ಗೊತ್ತಿದ್ರೆ ಮರೆತ್ರೂ ದಾರಿ ಇರುತ್ತೆ. ಸ್ಟಾಪ್‌ವಾಚ್ ಹಿಡಿದು ಮಗ್ಗಿ ಕೇಳೋದು ಮಾತ್ರ ಬೇಡ್ವೇ ಬೇಡ.

ಕ್ಯಾಲ್ಕುಲೇಟರ್ ಕೊಡ್ಬಹುದಾ?

ಕೊಡಿ. ಒಂದೇ ಷರತ್ತು, ಬಟನ್ ಒತ್ತೋ ಮುಂಚೆ ಉತ್ತರ ಎಷ್ಟರ ಹತ್ರ ಬರ್ಬಹುದು ಅಂತ ಬಾಯಲ್ಲಿ ಹೇಳ್ಬೇಕು. ಆ ಅಂದಾಜಲ್ಲೇ ಅರ್ಧ ಗಣಿತ ಇದೆ.

## ಸ್ವಲ್ಪ ದಿನ ಆದಮೇಲೆ ಬರೋ ಪ್ರಶ್ನೆಗಳು

ನೂರು ಸಲ ಹೇಳ್ಕೊಟ್ರೂ ಅದೇ ತಪ್ಪು ಮಾಡ್ತಾಳೆ, ಗಮನನೇ ಇಲ್ಲ ಅನ್ಸುತ್ತೆ

ಅದೇ ತಪ್ಪು ಮತ್ತೆ ಮತ್ತೆ ಬರ್ತಿದೆ ಅಂದ್ರೆ ಗಮನ ಇದೆ ಅಂತಲೇ ಅರ್ಥ. ಗಮನ ಇಲ್ಲದವರ ತಪ್ಪು ಒಂದೊಂದ್ಸಲ ಒಂದೊಂದು ಥರ ಇರುತ್ತೆ. ಒಂದು ಹುಡುಗಿ 52 − 27 = 35 ಅಂತ ಬರೀತಾಳೆ, 81 − 46 = 45 ಅಂತ ಬರೀತಾಳೆ, 60 − 23 = 43 ಅಂತ ಬರೀತಾಳೆ ಅನ್ಕೊಳ್ಳಿ. ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಪ್ರತಿ ಸಾಲಲ್ಲೂ ದೊಡ್ಡ ಅಂಕಿಯಿಂದ ಚಿಕ್ಕ ಅಂಕಿ ಕಳೀತಿದಾಳೆ, ಯಾವುದು ಮೇಲಿದೆ ಯಾವುದು ಕೆಳಗಿದೆ ನೋಡದೆ. ಯಾಕಂದ್ರೆ ಯಾವತ್ತೋ ಯಾರೋ ಹೇಳಿದಾರೆ, 'ಚಿಕ್ಕದರಿಂದ ದೊಡ್ಡದನ್ನ ಕಳೆಯೋಕ್ ಆಗಲ್ಲ' ಅಂತ. ಅವಳು ಆ ಮಾತನ್ನ ಚಾಚೂ ತಪ್ಪದೆ ಪಾಲಿಸ್ತಿದಾಳೆ. ಬ್ರೌನ್ ಮತ್ತು ಬರ್ಟನ್ 1978ರಲ್ಲೇ ಇಂಥ ತಪ್ಪು ನಿಯಮಗಳನ್ನ ಕಂಪ್ಯೂಟರ್ ಪ್ರೋಗ್ರಾಮಿನ ಬಗ್ ಥರ ಪಟ್ಟಿ ಮಾಡಿದ್ರು.

ಹಾಗಾಗಿ ಸರಿ ವಿಧಾನನ ನೂರಾ ಒಂದನೇ ಸಲ ಹೇಳೋದ್ರಿಂದ ಏನೂ ಆಗಲ್ಲ. 'ಇದನ್ನ ಹೆಂಗ್ ಮಾಡ್ದೆ, ನಂಗೆ ಹೇಳ್ಕೊಡು' ಅಂತ ಕೇಳಿ, ಬಾಯ್ಮುಚ್ಕೊಂಡು ಕೇಳಿಸ್ಕೊಳ್ಳಿ. ಆಮೇಲೆ 'ಸರಿ, 35ಕ್ಕೆ 27 ಸೇರ್ಸಿದ್ರೆ 52 ಬರುತ್ತಾ ನೋಡು' ಅನ್ನಿ. 62 ಬಂದಾಗ ಅವಳೇ ಹುಬ್ಬು ಗಂಟು ಹಾಕ್ತಾಳೆ. ಆಗ ಹತ್ತರ ಕಟ್ಟುಗಳನ್ನ ಕೈಗೆ ಕೊಡಿ, ಕಡ್ಡಿ ಆಗ್ಲಿ, ಬ್ಲಾಕ್ ಆಗ್ಲಿ, ಒಂದು ಕಟ್ಟು ಬಿಚ್ಚಿದ್ರೇ 7 ತೆಗೆಯೋಕ್ ಆಗೋದು ಅನ್ನೋದು ಬೆರಳಿಗೆ ಗೊತ್ತಾಗ್ಬೇಕು.

ತಪ್ಪು ಉತ್ತರ ಹೇಳಿದಾಗ 'ಗುಡ್ ಟ್ರೈ' ಅಂದ್ರೆ ಸಾಕಾ?

ಈ ಮಕ್ಕಳಿಗೆ ಸುಳ್ಳು ಹೊಗಳಿಕೆ ದೂರದಿಂದಲೇ ವಾಸನೆ ಬರುತ್ತೆ. 'ಗುಡ್ ಟ್ರೈ' ಅಂದ್ರೆ ತಪ್ಪು ಅಂತ ಅವರಿಗೆ ಯಾವತ್ತೋ ಗೊತ್ತು. ನಾನು ಸರಿ ಉತ್ತರಕ್ಕೂ ತಪ್ಪು ಉತ್ತರಕ್ಕೂ ಒಂದೇ ಮುಖ ಇಟ್ಕೊಂಡು ಒಂದೇ ಪ್ರಶ್ನೆ ಕೇಳ್ತೀನಿ, 'ಅದು ಹೆಂಗ್ ಬಂತು?' ಅಂತ. ಮೊದಮೊದಲು ಸರಿ ಹೇಳಿದವರೂ ಗಾಬರಿಯಾಗಿ ಉತ್ತರ ಬದಲಾಯಿಸ್ತಾರೆ, ಅಷ್ಟು ಅಭ್ಯಾಸ ಆಗಿರುತ್ತೆ ಅವರಿಗೆ, ಕೇಳಿದ್ರು ಅಂದ್ರೆ ತಪ್ಪು ಅಂತ. ಬಿಡದೆ ಮಾಡ್ತಾ ಹೋದ್ರೆ ನಿಮ್ಮ ಮುಖ ಓದೋದು ಬಿಟ್ಟು ಲೆಕ್ಕ ನೋಡೋಕೆ ಶುರು ಮಾಡ್ತಾರೆ.

ಇನ್ನೊಂದು, ಕೇಳಿದ ಮೇಲೆ ಸುಮ್ನಿರಿ. ಮೇರಿ ಬಡ್ ರೋ ಅನ್ನೋರು 1970ರ ದಶಕದಲ್ಲಿ ಕ್ಲಾಸ್‌ಗಳನ್ನ ಟೇಪ್ ಮಾಡಿ ನೋಡಿದ್ರೆ ಟೀಚರ್‌ಗಳು ಪ್ರಶ್ನೆ ಕೇಳಿ ಕಾಯೋದು ಸುಮಾರು ಒಂದು ಸೆಕೆಂಡ್ ಅಷ್ಟೆ. ಮೂರು ಸೆಕೆಂಡ್ ಕಾದ್ರೆ ಉತ್ತರ ಉದ್ದ ಆಯ್ತು, ಬಾಯಿ ಬಿಡದವರೂ ಬಾಯಿ ಬಿಟ್ರು. ಮೂರು ಸೆಕೆಂಡ್ ಎಷ್ಟು ಉದ್ದ ಅನ್ನೋದು ಕಾದು ನೋಡಿದವರಿಗೇ ಗೊತ್ತು.

ನಿಜ ಜೀವನದ ಲೆಕ್ಕ ಕೊಡಿ ಅಂತಾರೆ, ಕೊಟ್ರೂ ಬೋರ್ ಅಂತಾರಲ್ಲ?

ಯಾಕಂದ್ರೆ ಪುಸ್ತಕದ 'ನಿಜ ಜೀವನ' ಅರ್ಧಕ್ಕರ್ಧ ಸುಳ್ಳು. ಯಾರೂ ಕೇಳದ ಪ್ರಶ್ನೆಗೆ ಬಟ್ಟೆ ತೊಡಿಸಿ ನಿಲ್ಸಿರ್ತಾರೆ, ಮಕ್ಕಳೂ ಅದನ್ನ ಓದದೆ ಅಂಕಿ ಮಾತ್ರ ಹೆಕ್ಕೋದು ಕಲಿತಿರ್ತಾರೆ. ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಸಂಶೋಧಕರು ಚಿಕ್ಕ ಮಕ್ಕಳಿಗೆ ಒಂದು ಪ್ರಶ್ನೆ ಕೊಟ್ಟಿದ್ರು, ಹಡಗಲ್ಲಿ 26 ಕುರಿ 10 ಮೇಕೆ ಇವೆ, ಕ್ಯಾಪ್ಟನ್ ವಯಸ್ಸೆಷ್ಟು? ಹೆಚ್ಚಿನ ಮಕ್ಕಳು ಆ ಅಂಕಿಗಳನ್ನೇ ಹಿಡ್ಕೊಂಡು ಲೆಕ್ಕ ಮಾಡಿ ಉತ್ತರ ಕೊಟ್ರು. ಈ ಪ್ರಶ್ನೆನ ನಿಮ್ಮ ಕ್ಲಾಸಲ್ಲೂ ಕೇಳಿ ನೋಡಿ. ಶಾಲೆ ಬಿಟ್ಟವರಲ್ಲಿ 'ಏನ್ ಪ್ರಶ್ನೆ ಇದು' ಅಂತ ಉರ್ಕೊಳ್ಳೋರು ಸಿಗ್ತಾರೆ, ಅವರನ್ನ ಎಲ್ಲರ ಮುಂದೆ ಮೆಚ್ಕೊಳ್ಳಿ, ಅದು ನಿಜವಾದ ಮೆಚ್ಚುಗೆ.

ಇದರ ಇನ್ನೊಂದು ಮಗ್ಗುಲು ಬ್ರೆಜಿಲ್‌ನ ರೆಸಿಫೆ ಊರಿಂದ. 1985ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬೀದೀಲಿ ವ್ಯಾಪಾರ ಮಾಡೋ 9ರಿಂದ 15 ವರ್ಷದ ಮಕ್ಕಳ ಹತ್ರ ಸಂಶೋಧಕರು ಗಿರಾಕಿ ಥರ ಹೋಗಿ ಲೆಕ್ಕ ಕೇಳಿದ್ರು, 98% ಸರಿ. ಅದೇ ಲೆಕ್ಕಗಳನ್ನ ಬರೀ ಅಂಕಿಗಳಾಗಿ ಕೊಟ್ಟಾಗ ಸರಿ ಬಂದಿದ್ದು 37%. 35ರಂತೆ 10 ತೆಂಗಿನಕಾಯಿಗೆ ಎಷ್ಟು ಅಂದಾಗ ಹುಡುಗ ಸೊನ್ನೆ ಹಾಕ್ಲಿಲ್ಲ, ಮೂರಕ್ಕೆ 105, ಇನ್ನೂ ಮೂರು ಸೇರ್ಸಿ 210, ಇನ್ನೂ ಮೂರು ಸೇರ್ಸಿ 315, ಇನ್ನೊಂದು ಸೇರ್ಸಿ 350 ಅಂದ. ಹಾಗಾಗಿ ನೀವು ಅವರ ಜೀವನಕ್ಕೆ ಗಣಿತ ಒಯ್ಯೋ ಮುಂಚೆ ಅಲ್ಲಿ ಆಗ್ಲೇ ಯಾವ ಗಣಿತ ಇದೆ ಅಂತ ನೋಡಿ. ಗೇಮಲ್ಲಿ ಯಾವ ಆಯುಧ ತಗೊಂಡ್ರೆ ಲಾಭ ಅಂತ ತಲೆ ಕೆಡಿಸ್ಕೊಳ್ಳೋನು ಅನುಪಾತ ಮಾಡ್ತಿದಾನೆ, ಅವನಿಗೆ ಹೆಸರು ಗೊತ್ತಿಲ್ಲ ಅಷ್ಟೆ.

'ಇದೆಲ್ಲ ಯಾಕ್ ಕಲೀಬೇಕು' ಅಂತ ಕೇಳಿದ್ರೆ ಏನ್ ಹೇಳೋದು?

ಬಹಳ ಸಲ ಅದು ಪ್ರಶ್ನೆನೇ ಅಲ್ಲ, 'ನಂಗ್ ಆಗ್ತಿಲ್ಲ' ಅನ್ನೋದನ್ನ ಮರ್ಯಾದೆಯಾಗಿ ಹೇಳೋ ದಾರಿ. ಲೆಕ್ಕ ಬರ್ತಿರೋವಾಗ ಯಾರೂ ಇದನ್ನ ಕೇಳಲ್ಲ. ಹಾಗಾಗಿ ಭಾಷಣ ಬಿಟ್ಟು ಲೆಕ್ಕನ ಒಂದು ಮೆಟ್ಟಿಲು ಇಳ್ಸಿ. ನಿಜವಾಗ್ಲೂ ಕೇಳ್ತಿದಾರೆ ಅನ್ಸಿದ್ರೆ ಪ್ರಾಮಾಣಿಕವಾಗಿ ಹೇಳಿ, ಪರ್ಸೆಂಟೇಜ್ ಗೊತ್ತಿಲ್ಲದವರಿಗೆ ಮೋಸ ಮಾಡೋದು ಸುಲಭ (50% ಇಳಿದಿದ್ದು ಮತ್ತೆ 50% ಏರಿದ್ರೆ ಮೊದಲಿನಷ್ಟಾಗಲ್ಲ, ನೂರಿದ್ದದ್ದು ಎಪ್ಪತ್ತೈದಾಗುತ್ತೆ), ವರ್ಗ ಸಮೀಕರಣ ಮಾತ್ರ ಬಹುಪಾಲು ಜನಕ್ಕೆ ಪರೀಕ್ಷೆ ಆದಮೇಲೆ ಕಾಣಿಸ್ಕೊಳ್ಳಲ್ಲ ಅಂತ.

ಭಿನ್ನರಾಶಿ ಬಂತು ಅಂದ್ರೆ ಎಲ್ಲಾ ಎದ್ದು ಹೋಗ್ತಾರೆ

ಎಲ್ಲಾ ಕಡೆ ಇದೇ ಕಥೆ. ½ + ⅓ = ⅖ ಅಂತ ಬರೀತಾರೆ, ಮೇಲಿಂದು ಮೇಲೆ ಕೆಳಗಿಂದು ಕೆಳಗೆ. ಲಸಾಅ ಹೇಳ್ಕೊಡೋಕೆ ಹೋಗ್ಬೇಡಿ ಈಗ್ಲೇ. 'ಅರ್ಧಕ್ಕೆ ಇನ್ನೊಂದಿಷ್ಟು ಸೇರ್ಸಿದೆ, ಈಗ ಅರ್ಧಕ್ಕಿಂತ ಜಾಸ್ತಿ ಇರ್ಬೇಕಾ ಕಮ್ಮಿ ಇರ್ಬೇಕಾ? ಐದರಲ್ಲಿ ಎರಡು ಅರ್ಧಕ್ಕಿಂತ ಜಾಸ್ತಿನಾ?' ಅಂತ ಕೇಳಿ ಬಿಡಿ. ಕಾಗದದ ಪಟ್ಟಿ ಮಡಿಸೋದು ಇದಕ್ಕೆ ಒಳ್ಳೇದು, ವೃತ್ತ ಬೇಡ, ವೃತ್ತನ ಮೂರು ಸಮ ಭಾಗ ಮಾಡೋದು ನಮಗೇ ಕಷ್ಟ. ಪಟ್ಟಿ ಸಂಖ್ಯಾರೇಖೆಗೂ ದಾರಿ ಮಾಡುತ್ತೆ, ಭಿನ್ನರಾಶಿನೂ ಒಂದು ಸಂಖ್ಯೆ, 0ಗೂ 1ಕ್ಕೂ ಮಧ್ಯ ಅದಕ್ಕೊಂದು ಜಾಗ ಇದೆ ಅನ್ನೋದೇ ಎಷ್ಟೋ ಜನಕ್ಕೆ ಗೊತ್ತಿರಲ್ಲ. ದಶಮಾಂಶದಲ್ಲೂ ಇದೇ ರೋಗ: 0.35 ಮತ್ತು 0.4ರಲ್ಲಿ 0.35 ದೊಡ್ಡದು ಅಂತಾರೆ, 35 ನಾಲ್ಕಕ್ಕಿಂತ ದೊಡ್ಡದಲ್ವಾ ಅಂತ. ಎರಡನ್ನೂ ಒಂದೇ ರೇಖೆ ಮೇಲೆ ಗುರುತು ಮಾಡ್ಸಿ.

ಇವತ್ತು ಬಂದವನು ನಾಳೆ ಬರಲ್ಲ, ಒಂದೇ ರೂಮಲ್ಲಿ ಐದು ಲೆವೆಲ್, ಪಾಠ ಹೆಂಗ್ ಮಾಡೋದು?

ನಿನ್ನೆಯ ಪಾಠಕ್ಕೆ ಇವತ್ತಿನದನ್ನ ಗಂಟು ಹಾಕ್ಬೇಡಿ. ಪ್ರತಿ ದಿನದ ಕೆಲಸ ಅವತ್ತೇ ಶುರುವಾಗಿ ಅವತ್ತೇ ಮುಗೀಬೇಕು. ಐದು ಲೆವೆಲ್‌ಗೆ ಐದು ವರ್ಕ್‌ಶೀಟ್ ಮಾಡಿ ನೀವು ಸುಸ್ತಾಗ್ಬೇಡಿ, ಒಳಗೆ ಬರೋಕೆ ಸುಲಭ ಇರೋ, ಎಷ್ಟು ದೂರ ಬೇಕಾದ್ರೂ ಹೋಗೋ ಒಂದೇ ಪ್ರಶ್ನೆ ಹುಡ್ಕಿ. 'ನಾಲ್ಕು 4 ಬಳಸಿ 1ರಿಂದ 20ರ ತನಕ ಎಲ್ಲಾ ಸಂಖ್ಯೆ ಮಾಡಿ' ಅನ್ನೋದು ಹಳೇದು, ಆದ್ರೆ ಇವತ್ತಿಗೂ ಕೆಲಸ ಮಾಡುತ್ತೆ. ನಿಂತ್ಕೊಂಡು ಬೋರ್ಡ್ ಮೇಲೆ, ಇಬ್ಬಿಬ್ರಿಗೆ ಒಂದೇ ಮಾರ್ಕರ್ ಕೊಟ್ಟು ಮಾಡ್ಸಿ. ಪುಸ್ತಕದಲ್ಲಿ ಬರೆದಿದ್ದು ದಾಖಲೆ ಆಗ್ಬಿಡುತ್ತೆ, ಬೋರ್ಡಲ್ಲಿ ಬರೆದಿದ್ದು ಕೈಯಲ್ಲಿ ಒರೆಸಿದ್ರೆ ಹೋಯ್ತು, ಪೆನ್ನು ಮುಟ್ಟದವರೂ ಮಾರ್ಕರ್ ಹಿಡೀತಾರೆ.

ಮಾರ್ಕ್ಸ್ ಕೊಡ್ಬೇಕಾ ಬೇಡ್ವಾ?

ದಿನದ ಕೆಲಸಕ್ಕೆ ಬೇಡ. ರೂತ್ ಬಟ್ಲರ್ 1988ರಲ್ಲಿ ಹೋಲಿಸಿ ನೋಡಿದ್ರು, ಬರೀ ಟಿಪ್ಪಣಿ ಸಿಕ್ಕ ಮಕ್ಕಳು ಮುಂದಿನ ಕೆಲಸದಲ್ಲಿ ಸುಧಾರಿಸಿದ್ರು, ಟಿಪ್ಪಣಿ ಜೊತೆ ಮಾರ್ಕ್ಸೂ ಸಿಕ್ಕವರಿಗೆ ಆ ಲಾಭ ಸಿಗ್ಲಿಲ್ಲ. ಮಾರ್ಕ್ಸ್ ಕಂಡಮೇಲೆ ಟಿಪ್ಪಣಿ ಯಾರು ಓದ್ತಾರೆ ಹೇಳಿ.

## ಆಳಕ್ಕೆ ಹೋದವರಿಗೆ

ಇವನಿಗೆ ಡಿಸ್ಕಾಲ್ಕುಲಿಯಾ ಇರ್ಬಹುದಾ?

ಡಿಸ್ಕಾಲ್ಕುಲಿಯಾ ಅಂದ್ರೆ ಸಂಖ್ಯೆ ಅರ್ಥ ಮಾಡ್ಕೊಳ್ಳೋದ್ರಲ್ಲೇ ಇರೋ ಕಲಿಕಾ ತೊಂದರೆ. ಇರ್ಬಹುದು, ಸಾಮಾನ್ಯವಾಗಿ 100ರಲ್ಲಿ 3ರಿಂದ 7 ಜನಕ್ಕೆ ಇರುತ್ತೆ ಅನ್ನೋ ಅಂದಾಜಿದೆ. ಎರಡು ಸಂಖ್ಯೆಲಿ ಯಾವುದು ದೊಡ್ಡದು ಅಂತ ಹೇಳೋಕೇ ಹೊತ್ತು ಹಿಡಿಯೋದು, ಮೂರು ನಾಲ್ಕು ಚುಕ್ಕಿನೂ ಒಂದೊಂದಾಗಿ ಎಣಿಸೋದು, ಗಡಿಯಾರ, ಚಿಲ್ಲರೆ ಎರಡರಲ್ಲೂ ಒದ್ದಾಡೋದು ಕಂಡ್ರೆ ಪರಿಣತರ ಹತ್ರ ಕಳಿಸಿ, ನಾವು ನೀವು ಹಣೆಪಟ್ಟಿ ಅಂಟಿಸೋದು ಬೇಡ. ಆದ್ರೆ ಅದಕ್ಕೂ ಮುಂಚೆ ಮೂರು ವಿಷಯ ನೋಡಿ: ಕಣ್ಣು ಸರಿ ಕಾಣುತ್ತಾ, ಪ್ರಶ್ನೆ ಓದೋಕ್ ಬರುತ್ತಾ, ಆ ಪಾಠ ನಡೆದಾಗ ಅವನು ಶಾಲೇಲಿ ಇದ್ನಾ. ಎರಡು ವರ್ಷ ಕ್ಲಾಸಿಗೇ ಹೋಗದವನಿಗೆ ಭಾಗಾಕಾರ ಬರಲ್ಲ ಅಂದ್ರೆ ಅದು ಕಾಯಿಲೆ ಅಲ್ಲ. ಬಾಯಲ್ಲಿ ಪ್ರಶ್ನೆ ಓದಿ ಹೇಳಿದ್ ತಕ್ಷಣ ಉತ್ತರ ಬಂದ್ರೆ ತೊಂದರೆ ಓದೋದ್ರಲ್ಲಿದೆ.

ಬೀಜಗಣಿತ ಇವರಿಗೆ ಸಾಧ್ಯನಾ?

ಸಾಧ್ಯ, ಆದ್ರೆ ಮೊದಲು ಸಮ ಚಿಹ್ನೆ ರಿಪೇರಿ ಮಾಡ್ಬೇಕು. 8 + 4 = □ + 5 ಬರೆದು ಚೌಕದಲ್ಲಿ ಏನು ಅಂತ ಕೇಳಿ. 12 ಅಂತ ಬರುತ್ತೆ, ಕೆಲವರು 17 ಅಂತಾರೆ. '=' ಅಂದ್ರೆ 'ಉತ್ತರ ಇಲ್ಲಿ ಬರೀ' ಅಂತ ಅಂದ್ಕೊಂಡಿರೋರಿಗೆ ಸಮೀಕರಣ ಹೇಳ್ಕೊಟ್ರೆ ಗಾಳಿಗೆ ಗುದ್ದಿದ ಹಾಗೆ. ಎರಡೂ ಕಡೆ ಒಂದೇ ತೂಕ ಅನ್ನೋದು ಕೂತಮೇಲೆ ಮುಂದಕ್ಕೆ ಹೋಗಿ.

ಆಮೇಲೆ ಒಂದು ಮ್ಯಾಜಿಕ್: ಒಂದು ಸಂಖ್ಯೆ ಅನ್ಕೋ, 4 ಸೇರ್ಸು, ಎರಡರಷ್ಟು ಮಾಡು, 6 ಕಳೀ, ಅರ್ಧ ಮಾಡು, ಮೊದಲು ಅನ್ಕೊಂಡಿದ್ದನ್ನ ಕಳೀ. ಎಲ್ರಿಗೂ 1. ಹೆಂಗೆ ಅಂತ ಕೇಳೇ ಕೇಳ್ತಾರೆ. ಅನ್ಕೊಂಡ ಸಂಖ್ಯೆಗೆ ಒಂದು ಡಬ್ಬಿ ಬರೀರಿ, ಪಕ್ಕ 4 ಚುಕ್ಕಿ. ಎರಡರಷ್ಟು ಅಂದ್ರೆ ಎರಡು ಡಬ್ಬಿ 8 ಚುಕ್ಕಿ, 6 ಕಳೆದ್ರೆ ಎರಡು ಡಬ್ಬಿ 2 ಚುಕ್ಕಿ, ಅರ್ಧ ಅಂದ್ರೆ ಒಂದು ಡಬ್ಬಿ ಒಂದು ಚುಕ್ಕಿ, ಡಬ್ಬಿ ತೆಗೆದ್ರೆ ಚುಕ್ಕಿ ಒಂದೇ. ಡಬ್ಬಿ ಒಳಗೆ ಏನಿದ್ರೂ ನಡೀತು. ಮುಂದೆ ಅವರೇ ಇಂಥ ಮ್ಯಾಜಿಕ್ ಕಟ್ಲಿ, ಡಬ್ಬಿ ಬರೆದು ಬರೆದು ಬೇಜಾರಾದಾಗ ಅದರ ಜಾಗಕ್ಕೆ ಎಕ್ಸ್ ಬರುತ್ತೆ, ನೀವು ತರ್ಬೇಕಾಗಿಲ್ಲ.

ಮೂರು ತಿಂಗಳಲ್ಲಿ ಪರೀಕ್ಷೆ ಇದೆ, ಇಷ್ಟೆಲ್ಲ ಟೈಮ್ ಎಲ್ಲಿದೆ?

ಸಿಲಬಸ್ ಪೂರ್ತಿ ಮುಗಿಸೋ ಆಸೆ ಬಿಟ್ಬಿಡಿ. ಹಳೇ ಪ್ರಶ್ನೆಪತ್ರಿಕೆ ತಗೊಂಡು ಪಾಸಾಗೋಕೆ ಬೇಕಾದ ಅಧ್ಯಾಯ ಯಾವುವು, ಅದರಲ್ಲಿ ಇವರಿಗೆ ಕೈಗೆಟುಕೋವು ಯಾವುವು ಅಂತ ಅವರ ಜೊತೆ ಕೂತೇ ಆರಿಸಿ, ಯಾವುದು ಬಿಡ್ಬೇಕು ಅನ್ನೋದ್ರಲ್ಲಿ ಅವರ ಮಾತು ನಡೀಲಿ. ದಿನಾ ಮೊದಲ ಹತ್ತು ನಿಮಿಷ ಹೋದ ವಾರದ, ಹೋದ ತಿಂಗಳ ಲೆಕ್ಕ ಒಂದೊಂದು, ಪುಸ್ತಕ ನೋಡದೆ. ನೋಡಿ ಓದೋದಕ್ಕಿಂತ ನೆನಪಿಂದ ಹೊರಗೆ ತೆಗೆಯೋದು ಗಟ್ಟಿಯಾಗಿ ಉಳಿಯುತ್ತೆ, ರೋಡಿಗರ್ ಮತ್ತು ಕಾರ್ಪಿಕ್ 2006ರಲ್ಲಿ ಇದನ್ನ ಚೆನ್ನಾಗಿ ತೋರಿಸಿದಾರೆ. ಮತ್ತೆ ಪರೀಕ್ಷೆ ಹಾಲ್‌ನ ಅಭ್ಯಾಸ ಬೇರೇನೇ ಬೇಕು: ಮೊದಲು ಬರೋ ಪ್ರಶ್ನೆ ಮಾಡೋದು, ಸಿಕ್ಕಾಕ್ಕೊಂಡ್ರೆ ಬಿಟ್ಟು ಮುಂದೆ ಹೋಗೋದು, ಉತ್ತರ ಬರದಿದ್ರೂ ಗೊತ್ತಿದ್ದ ಹೆಜ್ಜೆ ಬರೆದಿಡೋದು. ಶಾಲೆ ಬಿಟ್ಟವರಿಗೆ ಇದನ್ನ ಯಾರೂ ಹೇಳಿರಲ್ಲ.

ನಂಗೇ ಗಣಿತ ಅಷ್ಟಕ್ಕಷ್ಟೆ, ನಾನು ಮಗಳಿಗೆ ಹೇಳ್ಕೊಡ್ಬಹುದಾ?

ನಿಮಗೆ ಬರದೆ ಇರೋದು ತೊಂದರೆ ಅಲ್ಲ, ನೀವು ಹೆದರೋದು ತೊಂದರೆ. ಅಮೆರಿಕದಲ್ಲಿ ಒಂದನೇ, ಎರಡನೇ ತರಗತಿ ಮಕ್ಕಳ ಮೇಲೆ 2015ರಲ್ಲಿ ಬಂದ ಅಧ್ಯಯನದ ಪ್ರಕಾರ ಗಣಿತಕ್ಕೆ ಹೆದರೋ ತಂದೆತಾಯಿ ಹೋಮ್‌ವರ್ಕಿಗೆ ಪದೇ ಪದೇ ಸಹಾಯ ಮಾಡಿದಾಗ ಮಕ್ಕಳು ಆ ವರ್ಷ ಕಮ್ಮಿ ಕಲಿತ್ರು, ಅವರ ಆತಂಕನೂ ಜಾಸ್ತಿ ಆಯ್ತು. ಅಷ್ಟಾಗಿ ಸಹಾಯಕ್ಕೆ ಕೂರದಿದ್ದ ಕಡೆ ಹಾಗಾಗ್ಲಿಲ್ಲ. ಹಾಗಾಗಿ ಸಮಾಧಾನಕ್ಕೆ ಅಂತ 'ನಂಗೂ ಗಣಿತ ಬರ್ತಿರ್ಲಿಲ್ಲ ಬಿಡು ಪುಟ್ಟಿ' ಅನ್ನೋದನ್ನ ನಿಲ್ಸಿ. ಪಕ್ಕ ಕೂತು 'ನಂಗ್ ಗೊತ್ತಿಲ್ಲ, ನೀನು ಇಲ್ಲಿಂದ ಇಲ್ಲಿಗೆ ಹೆಂಗ್ ಬಂದೆ ಹೇಳು' ಅಂತ ಕೇಳಿ, ಅವಳು ವಿವರಿಸೋವಾಗಲೇ ಎಲ್ಲಿ ತಪ್ಪಿದೆ ಅಂತ ಅವಳಿಗೇ ಕಾಣುತ್ತೆ.

ಒಬ್ಬಳು ಎಲ್ಲಾ ಐದು ನಿಮಿಷದಲ್ಲಿ ಮುಗಿಸಿ ಗಲಾಟೆ ಶುರು ಮಾಡ್ತಾಳೆ, ಅವಳನ್ನ ಏನ್ ಮಾಡೋದು?

ಗಣಿತ ಬಿಟ್ಟವರೆಲ್ಲ ಬರದೆ ಬಿಟ್ಟವರಲ್ಲ, ಸುಲಭ ಆಗಿ ಬೇಜಾರಾಗಿ ಬಿಟ್ಟವರೂ ಇದಾರೆ, ಅವರನ್ನ ನಾವು ಗುರುತಿಸೋದು ತಡ. ಅವಳಿಗೆ ಅದೇ ಥರದ ಇನ್ನೂ ಹತ್ತು ಲೆಕ್ಕ ಕೊಡೋದು ಶಿಕ್ಷೆ. ಯಾರಿಗೂ ಉತ್ತರ ಗೊತ್ತಿಲ್ಲದ್ದನ್ನ ಕೊಡಿ. ಯಾವುದಾದ್ರೂ ಸಂಖ್ಯೆ ತಗೋ, ಸಮ ಆದ್ರೆ ಅರ್ಧ ಮಾಡು, ಬೆಸ ಆದ್ರೆ ಮೂರರಷ್ಟು ಮಾಡಿ ಒಂದು ಸೇರ್ಸು, ಹಿಂಗೇ ಮುಂದುವರಿ. 6 ತಗೊಂಡ್ರೆ 3, 10, 5, 16, 8, 4, 2, 1. ಎಲ್ಲಾ ಸಂಖ್ಯೆನೂ ಕೊನೆಗೆ 1ಕ್ಕೆ ಬರುತ್ತಾ? 1937ರಲ್ಲಿ ಕೊಲಾಟ್ಸ್ ಎತ್ತಿದ ಪ್ರಶ್ನೆ ಇದು, ಇವತ್ತಿನ ತನಕ ಯಾರೂ ಸಾಧಿಸಿಲ್ಲ. 'ಉತ್ತರ ನಿಮಗೂ ಗೊತ್ತಿಲ್ವಾ?' ಅಂತ ಕೇಳ್ತಾಳೆ, ಇಲ್ಲ ಅನ್ನಿ. 7, 9, 15 ಹಿಂಗೆ ಬಿಟ್ಟು ನೋಡಿ, ಯಾವ ಸಂಖ್ಯೆಗೆ ಎಷ್ಟು ಹೆಜ್ಜೆ ಅಂತ ಪಟ್ಟಿ ಮಾಡ್ಲಿ. 27 ಕೊಡೋ ದಿನ ಮಾತ್ರ ಹಾಳೆ ಜಾಸ್ತಿ ಇಟ್ಕೊಂಡಿರಿ, ಅದು 9232ರ ತನಕ ಹತ್ತಿ, ಇಳಿದು, ಒಟ್ಟು 111 ಹೆಜ್ಜೆ ಆದಮೇಲೆ 1ಕ್ಕೆ ಬರುತ್ತೆ.